ಯಾರೂ ಮುಚ್ಚದ ಕಡಲು

ನನ್ನ ಮಗಳು ರಕ್ಷಾ ಈ ವರ್ಷ ನಾನು ಬಿಟ್ಟು ಬಂದ ಕೆಲಸಕ್ಕೇ ಸೇರಿದ್ದಾಳೆ. ಕಂಪನಿ ಬೇರೆ, ಕೆಲಸ ಅದೇ. ಸೇರುವ ಮೊದಲು ಅನುಭವ ಇದ್ದವರನ್ನು ಕೇಳಿ ತಿಳಿದುಕೊಳ್ಳಬೇಕು ಎಂಬ ಬುದ್ಧಿ ಅವಳಿಗೆ ಬಂತು. ಕೇಳಿದಳು ಕೂಡ. ಅಪ್ಪನನ್ನಲ್ಲ, ಅಪ್ಪನ ಹಳೆಯ ಸಹೋದ್ಯೋಗಿ ಐರೀನ್‌ಳನ್ನು. ಟೊರಾಂಟೊ ಹತ್ತಿರದ ಅರೋರಾದ ನಮ್ಮ ಮನೆಯಲ್ಲಿ, ಊಟದ ಮೇಜಿನ ಆಚೆ ತುದಿಯಲ್ಲಿ, ಅದೇ ಕೆಲಸದಲ್ಲಿ ಕೂದಲು ಬಿಳಿ ಮಾಡಿಕೊಂಡವನೊಬ್ಬ ಕೂತಿರುವಾಗ ಇವಳು ಪ್ರತಿ ಶನಿವಾರ ಕಾರು ಹತ್ತಿ ಸ್ಕಾರ್‌ಬರೋಗೆ ಹೋಗುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೇಳದಿದ್ದರೆ ಬೇಡ, ಬರೆದಿಡುತ್ತೇನೆ. ಅವಳಿಗೆ ಕನ್ನಡ ಓದಲು ಬಾರದು, ಅದು ಬೇರೆ ವಿಷಯ. ಊರಿನಿಂದ ಇಲ್ಲಿಗೆ ಓದಲು ಬರುವ ಮಕ್ಕಳಲ್ಲಿ ಯಾರಾದರೂ ಈ ಕಸುಬಿಗೆ ಕೈ ಹಾಕಿದರೆ ಅವರಿಗೆ ಉಪಯೋಗವಾದೀತು. ನನ್ನ ಬಡ್ತಿಗಳ ವಿಷಯ ಇಲ್ಲಿ ಇಲ್ಲ. ಬರೆಯುವಷ್ಟು ಬಡ್ತಿ ನನಗೆ ಸಿಗಲೂ ಇಲ್ಲ. ಹೊಟ್ಟೆಕಿಚ್ಚು ಮಾತ್ರ ಬೇಕಾದಷ್ಟು ಉಂಟು. ಅದನ್ನು ಅಡಗಿಸಿಟ್ಟು ಬರೆದರೆ ಈ ಕೆಲಸದ ಅರ್ಧ ಕಥೆಯೇ ಹೋಗಿಬಿಡುತ್ತದೆ.

ನಾನಿದ್ದದ್ದು ಹಡಗುಗಳಿಗೆ ವಿಮೆ ಮಾಡುವ ಒಂದು ಕಂಪನಿಯಲ್ಲಿ, ಟೊರಾಂಟೊ ಡೌನ್‌ಟೌನಿನಲ್ಲಿ. ನಮ್ಮ ಹಡಗು ಇಂಥ ದಾರಿಯಲ್ಲಿ ಹೋಗುತ್ತದೆ ಎಂದು ಮಾಲೀಕರು ತಿಳಿಸುತ್ತಾರೆ. ಆ ದಾರಿಯಲ್ಲಿ ಯುದ್ಧದ ಭಯವೋ, ಜಗಳದ ಭಯವೋ, ಹಡಗನ್ನು ಯಾರಾದರೂ ಹಿಡಿದಿಟ್ಟುಕೊಳ್ಳುವ ಭಯವೋ ಉಂಟಾ ಎಂದು ನಾವು ಅಂದಾಜು ಮಾಡಿ ಹೇಳಬೇಕು. ನಮ್ಮ ಬಾಸ್ ಡೇವ್ ಒಳ್ಳೆಯ ಮನುಷ್ಯ, ಆದರೆ ಉದ್ದ ಮಾತು ಅವನಿಗೆ ಆಗದು. ನಾವು ಎಷ್ಟು ವಿವರಿಸಿದರೂ ಕೊನೆಗೆ ಕನ್ನಡಕ ತೆಗೆದು, "ಹಸಿರಾ, ಹಳದಿಯಾ, ಕೆಂಪಾ?" ಎಂದು ಕೇಳುತ್ತಿದ್ದ. ಹಸಿರೆಂದರೆ ಹೋಗಬಹುದು, ಹಳದಿಯೆಂದರೆ ಹೋದರೆ ಜಾಗ್ರತೆ, ಕೆಂಪೆಂದರೆ ಬೇಡ. ಅರ್ಧ ಏಷ್ಯಾದ ರಾಜಕೀಯವನ್ನು ನಾವು ಮೂರು ಬಣ್ಣದಲ್ಲಿ ಮುಗಿಸಬೇಕಿತ್ತು.

ನಾನು ಸೇರಿದಾಗ ಗೋಡೆಯ ಮೇಲೆ ದೊಡ್ಡ ನಕಾಶೆ ಇತ್ತು, ಅದಕ್ಕೆ ಚುಚ್ಚಲು ಬಣ್ಣದ ಪಿನ್ನುಗಳು. ಸುದ್ದಿ ಬೇಕೆಂದರೆ ಮನಿಲಾದ ಬಂದರಿನ ಏಜೆಂಟನಿಗೆ ಫೋನು ಮಾಡಬೇಕು. ಅವನು ಮೊದಲು ತನ್ನ ಮೊಣಕಾಲು ನೋವಿನ ಕಥೆ ಹೇಳಿ, ಮೊಮ್ಮಗಳ ಕಥೆ ಹೇಳಿ, ಆಮೇಲೆ ಕಡಲಿಗೆ ಇಳಿಯುತ್ತಿದ್ದ. ಈಗ ಪ್ರತಿ ಹಡಗೂ ತನ್ನ ಹೆಸರು, ದಿಕ್ಕು, ವೇಗವನ್ನು ತಾನೇ ರೇಡಿಯೋದಲ್ಲಿ ಸಾರುತ್ತಾ ಹೋಗುತ್ತದೆ. ಪರದೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಎಲ್ಲವೂ ಕಾಣುತ್ತದೆ. ಚುಕ್ಕಿ ನೋಡಿದರೆ ಎಲ್ಲ ಗೊತ್ತಾಯಿತು ಎಂದು ಹೊಸಬರು ತಿಳಿಯುತ್ತಾರೆ. ಸುಳ್ಳು ಹೇಳಬೇಕೆಂದವನು ಮೊದಲು ಮಾಡುವುದೇ ಆ ಯಂತ್ರ ಆರಿಸುವುದು.

ಆ ಕಾಲದಲ್ಲಿ ಆಫೀಸಿನಲ್ಲಿ ಕಡಲು ಕಂಡವನು ನಾನೊಬ್ಬನೇ. ಮಲ್ಪೆಯ ಮೊಗವೀರರ ಮನೆಯವನು. ಅಪ್ಪ ಬೋಟಿನ ತಾಂಡೇಲ, ಎಂದರೆ ಬೋಟನ್ನು ನಡೆಸುವವನು. ನಾನು ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದು ಆಮೇಲೆ ಕೆನಡಾಕ್ಕೆ ಬಂದವನು. ಜನಾರ್ದನ ಸಾಲ್ಯಾನ್ ಎಂಬ ಹೆಸರು ಮೊದಲ ದಿನವೇ ಜಾನ್ ಆಯಿತು. ಹೆಸರು ಹೋದರೂ ಬೇಸರವಿರಲಿಲ್ಲ. ಕಡಲಿನ ಪ್ರಶ್ನೆ ಬಂದರೆ ಡೇವ್, "ಜಾನ್‌ನನ್ನು ಕೇಳಿ" ಎನ್ನುತ್ತಿದ್ದ. ಆ ಮಾತು ಕೇಳಲಿಕ್ಕೆಂದೇ ನಾನು ಬೆಳಿಗ್ಗೆ ರೈಲು ಹಿಡಿಯುತ್ತಿದ್ದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹಾಗಿರುವಾಗ ಐರೀನ್ ಬಂದಳು.

ಹಾಂಗ್‌ಕಾಂಗಿನವಳು, ಇದ್ದದ್ದು ಸ್ಕಾರ್‌ಬರೋದಲ್ಲಿ. ಗಿಡ್ಡ ದೇಹ, ದೊಡ್ಡ ಕೈಚೀಲ, ಕೈಚೀಲದಲ್ಲಿ ಯಾವಾಗಲೂ ಕಿತ್ತಳೆ. ಕಡಲು ಕಂಡರೆ ತಲೆ ತಿರುಗುತ್ತದೆ ಎಂದು ಅವಳೇ ಹೇಳಿದಳು. ನನಗೆ ನೆಮ್ಮದಿಯಾಯಿತು. ಒಂದು ತಿಂಗಳೊಳಗೆ ಆ ನೆಮ್ಮದಿ ಹೋಯಿತು. ಅವಳಿಗೆ ಚೀನೀ ಭಾಷೆ ಓದಲು ಬರುತ್ತಿತ್ತು, ಅದೂ ಯಾರೂ ಓದದ್ದನ್ನು. ದೊಡ್ಡ ಪತ್ರಿಕೆ, ಮಂತ್ರಿಗಳ ಭಾಷಣ ಎಲ್ಲರೂ ಓದುತ್ತಾರೆ. ಇವಳು ಸಣ್ಣ ಕರಾವಳಿ ಊರುಗಳ ಪತ್ರಿಕೆ ಓದುತ್ತಿದ್ದಳು. ಯಾವ ಊರಿನಲ್ಲಿ ಯಾವ ತಾಂಡೇಲನಿಗೆ ಹಾರ ಹಾಕಿದರು, ಯಾವ ಬೋಟಿನವರಿಗೆ ತರಬೇತಿ ಕೊಟ್ಟರು, ಇಂಥವು. ಒಂದು ದಿನ ಅಂಥದೊಂದು ಫೋಟೋ ನನ್ನ ಮುಂದೆ ಹಿಡಿದು ಕೇಳಿದಳು:

"ಜಾನ್, ಈ ಮನುಷ್ಯನಿಗೆ ಸನ್ಮಾನ ಮಾಡಿದ್ದಾರೆ. ಸುದ್ದಿಯಲ್ಲಿ ಮೀನಿನ ಮಾತೇ ಇಲ್ಲ. ಮೀನು ಹಿಡಿಯದ ತಾಂಡೇಲನಿಗೆ ಎಂತಕ್ಕೆ ಸನ್ಮಾನ?"

ಅವಳು ಆಡಿದ್ದು ಇಂಗ್ಲಿಷ್. ಇಲ್ಲಿ ಅವಳ ಬಾಯಲ್ಲಿ ನಾನು ಉಡುಪಿಯ ಕನ್ನಡ ಆಡಿಸುತ್ತೇನೆ. ನನ್ನ ಬರಹ, ನನ್ನ ಇಷ್ಟ. ಇಷ್ಟು ವರ್ಷದಲ್ಲಿ ಅವಳ ಮೇಲೆ ನನಗೆ ಈ ಒಂದು ಅಧಿಕಾರವಾದರೂ ಇರಲಿ.

ಹೊಸಬರಿಗಾಗಿ ಚೀನಾದ ವಿಷಯ ಸ್ವಲ್ಪ ಹೇಳಬೇಕು. ದಕ್ಷಿಣ ಚೀನಾ ಸಮುದ್ರದ ನಕಾಶೆಯ ಮೇಲೆ ಅವರು ತುಂಡು ಗೀಟುಗಳಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೆರೆಯ ಒಳಗಿನ ಹೆಚ್ಚುಕಡಿಮೆ ಎಲ್ಲ ಕಡಲೂ ಹಿಂದಿನಿಂದ ತಮ್ಮದು ಎನ್ನುತ್ತಾರೆ. ಫಿಲಿಪ್ಪೀನ್ಸ್, ವಿಯೆಟ್ನಾಂ, ಮಲೇಷ್ಯಾ ಎಲ್ಲರಿಗೂ ಆ ಗೆರೆ ಅಂಗಳದೊಳಗೇ ಬಂದು ನಿಂತಂತಾಗುತ್ತದೆ. ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ಹಕ್ಕಿಗೆ ಆಧಾರವಿಲ್ಲ ಎಂದಿತು, ಚೀನಾ ಆ ತೀರ್ಪನ್ನು ಒಪ್ಪಲಿಲ್ಲ. ಹಾಗೆಂದು ಫಿರಂಗಿ ಹಾರಿಸಲೂ ಇಲ್ಲ. ಮಗ್ಗುಲ ಮನೆಯವನು ವರ್ಷಕ್ಕೊಂದು ಗೇಣು ಬೇಲಿ ಸರಿಸುತ್ತಾನಲ್ಲ, ಅಂಥ ಕೆಲಸ. ಒಂದು ವರ್ಷ ಬಂಡೆಯ ಮೇಲೆ ಮರಳು, ಮುಂದಿನ ವರ್ಷ ಮರಳಿನ ಮೇಲೆ ಕಟ್ಟಡ, ಅದರ ಮುಂದಿನ ವರ್ಷ ವಿಮಾನ ಇಳಿಯುವ ಜಾಗ. ಒಂದು ಗೇಣಿಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ? ಎಲ್ಲರಿಗೂ ಅವನೊಟ್ಟಿಗೆ ವ್ಯಾಪಾರವೂ ಬೇಕು. ಹಾಗಾಗಿ ನೆರೆಯವರು ಹಗಲು ಕೈಕುಲುಕುತ್ತಾರೆ, ಮನೆಗೆ ಹೋಗಿ ಹೊಸ ಗಸ್ತು ಹಡಗಿಗೆ ಆರ್ಡರ್ ಕೊಡುತ್ತಾರೆ, ಅಮೆರಿಕದವರನ್ನು ಚಹಾಕ್ಕೆ ಕರೆಯುತ್ತಾರೆ. ಗುಂಡು ಹಾರದಿದ್ದರೂ ಇಡೀ ಕೇರಿ ನಿದ್ದೆಗೆಟ್ಟು ಕೂತಿರುತ್ತದೆ.

ಇದನ್ನೆಲ್ಲ ನಾನು ಇಷ್ಟು ಚಂದ ಹೇಳುತ್ತಿದ್ದೇನಲ್ಲ, ಇದರಲ್ಲಿ ಅರ್ಧ ಐರೀನ್ ಹೇಳಿದ್ದು. ಬೇಲಿಯ ಮಾತು ಮಾತ್ರ ನನ್ನದು.

ಇನ್ನು ನನ್ನ ದೊಡ್ಡ ಎಡವಟ್ಟು. ಅಂಥದ್ದು ಮಲ್ಪೆಯವನು ಮಾತ್ರ ಮಾಡಬಹುದು.

ಆ ಕಡಲಿನ ಒಂದು ಬಂಡೆಸಾಲಿನ ಬಳಿ ಚೀನಾದ ತುಂಬ ಬೋಟುಗಳು ಬಂದು ನಿಂತವು. ಬದಿಗೆ ಬದಿ ತಾಗಿಸಿ, ಹಗ್ಗ ಕಟ್ಟಿ, ಸಾಲು ಸಾಲಾಗಿ. ಒಂದು ಸಣ್ಣ ಸರಕು ಹಡಗು ಆ ದಾರಿಯಲ್ಲೇ ಹೋಗಬೇಕಿತ್ತು. ಮೇಲಿನಿಂದ ತೆಗೆದ ಚಿತ್ರ ಪರದೆಯ ಮೇಲೆ ಬಂತು. ನೋಡಿದ ಕೂಡಲೇ ನನ್ನ ಎದೆ ಅರಳಿತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಮಲ್ಪೆಯ ದಕ್ಕೆಯಲ್ಲಿ, ಎಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಬೋಟುಗಳು ನಿಲ್ಲುವುದು ಹೀಗೇ. ಹುಡುಗನಾಗಿದ್ದಾಗ ನಾನು ಒಂದು ಬೋಟಿನಿಂದ ಇನ್ನೊಂದಕ್ಕೆ ಹಾರುತ್ತಾ ದಕ್ಕೆಯ ಈ ತುದಿಯಿಂದ ಆ ತುದಿಗೆ ಕಾಲು ಒದ್ದೆಯಾಗದೆ ಹೋಗುತ್ತಿದ್ದೆ.

"ಪಾಪದ ಮೀನಿನವರು. ಗಾಳಿ ಉಂಟು ಅಂತ ಒಟ್ಟಿಗೆ ಕಟ್ಟಿಕೊಂಡು ನಿಂತಿದ್ದಾರೆ. ನಮ್ಮಲ್ಲಿ ಹೀಗೇ," ಎಂದೆ.

ಐರೀನ್ ಕಿತ್ತಳೆ ಸುಲಿಯುತ್ತಿದ್ದಳು. "ನಿಮ್ಮ ದಕ್ಕೆ ಊರಿನ ಬದಿಯಲ್ಲಿ ಉಂಟಲ್ಲ ಜಾನ್? ಇದು ನಡು ಕಡಲು. ಗಾಳಿಗೆ ಹೆದರಿದವರು ಮನೆಗೆ ಹೋಗುವುದಿಲ್ವಾ?"

"ಕಡಲು ಕಂಡರೆ ತಲೆ ತಿರುಗುವವರು ಕಡಲಿನ ವಿಷಯ ಮಾತಾಡಬಾರದು," ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಡೇವ್ ಕನ್ನಡಕ ತೆಗೆದ. "ಹಸಿರಾ, ಹಳದಿಯಾ, ಕೆಂಪಾ?"

"ಹಸಿರು," ಎಂದೆ.

ಹಡಗು ಹತ್ತಿರ ಬರುತ್ತಿದ್ದಂತೆ ಬೋಟುಗಳು ಹಗ್ಗ ಬಿಚ್ಚಿಕೊಂಡು ದಾರಿಯ ಅಡ್ಡಕ್ಕೆ ಹರಡಿದವು. ಯಾರೂ ಗುಂಡು ಹಾರಿಸಲಿಲ್ಲ, ಯಾರೂ ನಿಲ್ಲು ಎನ್ನಲಿಲ್ಲ. ಸುಮ್ಮನೆ ಅಡ್ಡ ನಿಂತರು. ಕ್ಯಾಪ್ಟನ್ ತಪ್ಪಿಸಲು ಹಡಗನ್ನು ಗಕ್ಕನೆ ತಿರುಗಿಸಿದ, ಅಡಿಯ ತಗಡು ಬಂಡೆಗೆ ಉಜ್ಜಿತು. ಏಣಿಯ ಮೇಲಿದ್ದ ಒಬ್ಬ ಫಿಲಿಪ್ಪೀನೋ ನಾವಿಕ ಬಿದ್ದು ಕಾಲು ಮುರಿದುಕೊಂಡ. ಮರುದಿನ ಕ್ಯಾಪ್ಟನ್ ಫೋನು ಮಾಡಿದ. ಬೈಯಲಿಲ್ಲ. "ಮೀನು ಹಿಡಿಯುವವರು ಅಂತ ಹೇಳಿದ್ರಲ್ಲ ಸರ್?" ಎಂದು ಕೇಳಿದ, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ನಾನು ವಿಮಾನದಿಂದ ತೆಗೆದ ಫೋಟೋಗಳನ್ನು ತರಿಸಿ, ಅಪ್ಪನ ಕಣ್ಣಿನಿಂದ ನೋಡಿದೆ. ಮೀನು ಹಿಡಿಯುವ ಬೋಟಿನ ಮೇಲೆ ಹಕ್ಕಿ ಇಲ್ಲದಿರಲು ಸಾಧ್ಯವೇ? ಇಲ್ಲಿ ಒಂದೂ ಇರಲಿಲ್ಲ. ಬಲೆ ಒಣಗಲು ಹಾಕಿರಲಿಲ್ಲ. ಮೀನು, ಮಂಜುಗಡ್ಡೆ ತುಂಬಿದ ಬೋಟು ನೀರಿನಲ್ಲಿ ಇಳಿದು ಕೂರುತ್ತದೆ. ಇವು ಖಾಲಿ ಕೊಡದ ಹಾಗೆ ತೇಲುತ್ತಿದ್ದವು. ಐರೀನ್ ತೋರಿಸಿದ ಫೋಟೋದ ತಾಂಡೇಲನಂಥವರೇ ಇವರು, ಮೀನಿಗಲ್ಲ, ಸರಕಾರ ಹೇಳಿದ ಕಡೆ ಹೋಗಿ ನಿಲ್ಲಲಿಕ್ಕೆ ಸಂಬಳ ಪಡೆಯುವವರು. ಮಧ್ಯಾಹ್ನ ಊಟದ ಹೊತ್ತಿಗೆ ಇದನ್ನೆಲ್ಲ ಐರೀನ್‌ಗೆ ಹೇಳಿದೆ. ಕೊನೆಗೆ ಒಂದು ಮಾತೂ ಹೇಳಿದೆ: "ಗಾಳಿಗೆ ಹೆದರಿ ಕಟ್ಟಿಕೊಂಡ ಬೋಟು ಗಾಳಿ ನಿಂತ ಮೇಲೆ ಬಿಚ್ಚಿಕೊಳ್ಳುತ್ತದೆ." ಅವಳು ತಿನ್ನುವುದನ್ನು ನಿಲ್ಲಿಸಿ, "ಇನ್ನೊಮ್ಮೆ ಹೇಳು," ಎಂದಳು. ನಾನು ಖುಷಿಯಿಂದ ಇನ್ನೊಮ್ಮೆ ಹೇಳಿದೆ. ಬುದ್ಧಿ ಎಲ್ಲಿ ಹೋಗಿತ್ತೋ.

ಅವಳ ವರದಿ ಹೊರಬಂತು. ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಒಳಗೆ ನನ್ನ ಬೋಟು, ನನ್ನ ಹಕ್ಕಿ, ನನ್ನ ಮಾತು. ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಸಹೋದ್ಯೋಗಿಗಳಿಗೆ ವಂದನೆ". ಸಹೋದ್ಯೋಗಿಗಳು ಎಂದರೆ ಯಾರು? ನಮ್ಮ ಕಾಫಿ ಮೆಷಿನ್ನೂ ಅದರಲ್ಲಿ ಬರಬಹುದು. ಜಗಳ ಮಾಡೋಣವೆಂದರೆ ವರದಿಯ ಮುಖ್ಯ ವಿಚಾರ ನನ್ನದಲ್ಲ, ಅದು ನನಗೂ ಗೊತ್ತಿತ್ತು. ಹಡಗಿನ ಘಟನೆಯಾದ ಮೇಲೆ ಮಾಲೀಕರು ಒಬ್ಬೊಬ್ಬರಾಗಿ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದ್ದರು. ಡೇವ್ ಕೇಳಿದ್ದ, "ಆ ಕಡಲನ್ನು ಮುಚ್ಚಿದ್ದು ಯಾರು?" ನಾನು ಕಾನೂನು, ಗಡಿ ಎಂದು ತಡವರಿಸುತ್ತಿದ್ದೆ. ಐರೀನ್ ಹೇಳಿದಳು, "ಯಾರೂ ಮುಚ್ಚಲಿಲ್ಲ. ಎಲ್ಲರೂ ತಾವಾಗಿಯೇ ಸುತ್ತು ಹಾಕಿದರು. ಇದರ ಮರ್ಮವೇ ಅದು."

ಕಸುಬಿಗೆ ಬರುವ ಮಕ್ಕಳು ಬೇರೆಲ್ಲ ಮರೆತರೂ ಇದೊಂದು ಮಾತು ನೆನಪಿಟ್ಟುಕೊಳ್ಳಬೇಕು. ನನ್ನ ಮಾತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಆ ವರದಿಯಿಂದ ಅವಳು ಟೀವಿಗೆ ಬಂದಳು. ಚೀನಾದ ಸುದ್ದಿ ಬಂದಾಗಲೆಲ್ಲ ಅವಳ ಮುಖ. ನಾನು ಮನೆಯಲ್ಲಿ ಚಾನೆಲ್ ಬದಲಿಸುತ್ತಿದ್ದೆ, ಸುಮತಿ ಮತ್ತೆ ಹಾಕುತ್ತಿದ್ದಳು. ಸುಮತಿ ನನ್ನ ಹೆಂಡತಿ. ನಮ್ಮ ಮನೆಯ ಮಾತು ತುಳು, ಅದನ್ನೂ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. "ಪಾಪ, ಎಷ್ಟು ಸಮಾ ಹೇಳ್ತಾಳೆ ನೋಡಿ. ನಿಮಗೆ ಹೇಳ್ಳಿಕ್ಕೆ ಬಂದ್ರೆ ಒಂದು ವಿಷಯಕ್ಕೆ ಒಂದು ಗಂಟೆ," ಎನ್ನುತ್ತಿದ್ದಳು. ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು ಪ್ರಾಣ ಬಿಟ್ಟ ಬೇಸಿಗೆಯಲ್ಲಿ, ಇದಾದರೂ ನನ್ನ ಪಾಲಿಗೆ ಬರುತ್ತದೆ ಎಂದು ಬೇಸ್‌ಮೆಂಟಿನಲ್ಲಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಆನ್‌ಲೈನ್ ಮೀಟಿಂಗಿಗೆ ಕೂತಿದ್ದೆ. ಡೇವ್ ಅದನ್ನೂ ಅವಳನ್ನೇ ಕೇಳಿದ. ಅವಳು ಹಿಮಾಲಯ ಕಂಡವಳಲ್ಲ. ನಾನೂ ಕಂಡವನಲ್ಲ, ಆದರೆ ನನ್ನ ದೇಶದ್ದಲ್ಲವೇ?

ಗಾಯದ ಮೇಲೆ ಬರೆ ಎಳೆದದ್ದು ನಮ್ಮ ಕನ್ನಡದವರು. ವುಡ್‌ಬ್ರಿಡ್ಜಿನ ಒಂದು ಬ್ಯಾಂಕ್ವೆಟ್ ಹಾಲಿನಲ್ಲಿ ಯುಗಾದಿ ಕಾರ್ಯಕ್ರಮ. ಅದನ್ನು ನಡೆಸುತ್ತಿದ್ದ ರಮೇಶ್ ಬೆಂಗಳೂರಿನ ಹುಡುಗ. ನನ್ನನ್ನು ಬದಿಗೆ ಕರೆದು ಹೇಳಿದ: "ಸಾರ್, ಟೀವೀಲಿ ಬರ್ತಾರಲ್ಲ ಐರೀನ್ ಮೇಡಂ, ನಿಮ್ಮ ಆಫೀಸಂತೆ? ಒಂದು ಟಾಕ್‌ಗೆ ಕರೆಸಿ ಸಾರ್. ನಮ್ಮ ಜನಕ್ಕೆ ಚೀನಾ ವಿಷ್ಯ ಅಂದ್ರೆ ತುಂಬಾ ಇಂಟ್ರೆಸ್ಟು."

"ನಾನೇ ಮಾತಾಡಬಹುದಲ್ಲ? ನನ್ನದೂ ಅದೇ ಕೆಲಸ," ಎಂದೆ.

"ನೀವಾ ಸಾರ್?" ಅವನು ಒಂದು ಗಳಿಗೆ ಯೋಚಿಸಿದ. "ನೀವು ವಂದನಾರ್ಪಣೆ ಮಾಡಿ ಸಾರ್."

ಮಾಡಿದೆ. ಅವಳು ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಎರಡು ಒಬ್ಬಟ್ಟು ತಿಂದು, ಮೂರನೆಯದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ನಿಮ್ಮ ಜನ ಎಷ್ಟು ಒಳ್ಳೆಯವರು ಎಂದಳು.

ಅವಳೂ ಒಮ್ಮೆ ಎಡವಿದ್ದುಂಟು. ಚೀನಾ, ಫಿಲಿಪ್ಪೀನ್ಸ್ ಎರಡೂ ಕಡೆಯ ನಾಯಕರು ಮಾತುಕತೆಗೆ ಕೂತಾಗ, ಇನ್ನು ಸ್ವಲ್ಪ ಕಾಲ ಕಡಲು ತಣ್ಣಗಿರುತ್ತದೆ ಎಂದು ಬರೆದಳು. ವಾರ ಕಳೆಯುವುದರೊಳಗೆ ಗಸ್ತು ಹಡಗುಗಳು ಒಂದರ ಮೇಲೊಂದು ನೀರು ಚಿಮ್ಮಿಸಿ ಜಗಳವಾಡಿದವು. ಅಂದು ನಾನು ಇಡೀ ಆಫೀಸಿಗೆ ಡೋನಟ್ ತಂದೆ. ಏನು ವಿಶೇಷ ಎಂದು ಕೇಳಿದವರಿಗೆ ಹುಟ್ಟಿದ ದಿನ ಎಂದೆ. ಐರೀನ್ ಒಂದು ಡೋನಟ್ ತೆಗೆದುಕೊಂಡು, ನಿನ್ನ ಹುಟ್ಟಿದ ದಿನ ನವೆಂಬರಿನಲ್ಲಲ್ಲವೇ ಎಂದಳು.

ನಾವಿಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಕ್ಷಾ ಅವಳ ಬಳಿ ಚೀನೀ ಭಾಷೆ ಕಲಿಯತೊಡಗಿದಳು, ಕೆಲಸ ಸೇರಿದಳು, ಈಚೆಗೆ ತನ್ನ ಮೊದಲ ವರದಿ ಬರೆದಳು. ಕಟ್ಟಿಕೊಂಡು ನಿಲ್ಲುವ ಬೋಟುಗಳ ಬಗ್ಗೆಯೇ. ಅವಳ ಕಂಪನಿಯಲ್ಲಿ ಬರೆದವರು ಇಷ್ಟವಿದ್ದರೆ ಹೆಸರು ಹಾಕಬಹುದು, ಇಲ್ಲದಿದ್ದರೆ ವಿಭಾಗದ ಹೆಸರಲ್ಲೇ ಬಿಡಬಹುದು.

"ಹಾಕು. ದಪ್ಪ ಅಕ್ಷರದಲ್ಲಿ ಹಾಕು. ರಕ್ಷಾ ಸಾಲ್ಯಾನ್," ಎಂದೆ. ಈ ಕಸುಬಿನಲ್ಲಿ ಆ ಹೆಸರು ಒಮ್ಮೆ ಅಚ್ಚಾಗುವುದನ್ನು ನೋಡಬೇಕಿತ್ತು ನನಗೆ.

"ಐರೀನ್ ಆಂಟಿ ಸೆಡ್ ಡೋಂಟ್," ಎಂದಳು. "ಶಿ ವಾಸ್ ವೆರಿ ಸೀರಿಯಸ್, ಪಪ್ಪ."

ಮೈಯೆಲ್ಲ ಉರಿದುಹೋಯಿತು. ತನ್ನ ಹೆಸರು ಊರಿಗೆಲ್ಲ ಹಂಚಿದವಳು ನನ್ನ ಮಗಳ ಹೆಸರಿಗೆ ಅಡ್ಡ ಬರುವುದೇ! ಸುಮತಿ ಒಳಗಿನಿಂದ, "ಬರಿ ಲೆಕ್ಕದಲ್ಲಿ ಅವಳು ನನ್ನ ಕಡೆಯವಳು ಮಾರಾಯ್ರೆ. ಸಾಲ್ಯಾನ್ ಅಂತ ಇಷ್ಟು ಹಾರುವುದು ಎಂತಕ್ಕೆ?" ಎಂದಳು. ನಮ್ಮಲ್ಲಿ ಮಕ್ಕಳಿಗೆ ಬರಿ, ಎಂದರೆ ಕುಲದ ಹೆಸರು, ತಾಯಿಯ ಕಡೆಯಿಂದ ಬರುವುದು. ಕೆನಡಾದ ಕಾಗದಪತ್ರದಲ್ಲಷ್ಟೇ ಅವಳು ನನ್ನ ಸಾಲ್ಯಾನ್. ಕುಲದ ಲೆಕ್ಕದಲ್ಲಿಯೂ ನನಗೆ ಜಾಗ ಇಲ್ಲ ಎಂದಾಯಿತು. ಮರುದಿನ ಸ್ಕಾರ್‌ಬರೋಗೆ ಹೊರಟೆ, ಐರೀನ್‌ಳ ಹತ್ತಿರ ನೇರವಾಗಿ ಕೇಳಿಯೇಬಿಡೋಣ ಎಂದು.

ಅವಳ ಮನೆಯ ಎದುರಿನ ಅಂಗಡಿಸಾಲಿನಲ್ಲಿ ಒಂದು ಬೇಕರಿ ಉಂಟು. ಅಲ್ಲಿ ಕೂತೆವು. ನಾನು ಕೋಟು ತೆಗೆಯುವ ಮೊದಲೇ ಕೇಳಿದೆ, "ನಿನಗೆ ಬೇಕಿದ್ದ ಹೆಸರು ಅವಳಿಗೆ ಬೇಡವಾ?"

ಅವಳು ಚಹಾಕ್ಕೆ ಹಾಲು ಬೆರೆಸಿದಳು. "ಜಾನ್, ನನ್ನ ಅಮ್ಮ ತೀರಿಹೋದದ್ದು ನಿನಗೆ ಗೊತ್ತಲ್ಲ?"

ಗೊತ್ತಿತ್ತು. ಆಫೀಸಿನಿಂದ ಹೂವು ಕಳಿಸಿದ್ದೆವು.

"ನಾನು ಹೋಗಲಿಲ್ಲ. ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದೆ. ತಮ್ಮ ಎಲ್ಲ ಮಾಡಿದ, ಆಮೇಲೆ ಅವನೂ ಊರು ಬಿಟ್ಟು ಇಂಗ್ಲೆಂಡಿಗೆ ಹೋದ. ಬೂದಿ ಹಾಂಗ್‌ಕಾಂಗಿನಲ್ಲೇ ಒಂದು ಕಟ್ಟಡದಲ್ಲಿ ಉಂಟು, ಗೋಡೆಯಲ್ಲಿ ಸಣ್ಣ ಗೂಡು. ಅಗರಬತ್ತಿ ಹಚ್ಚಲಿಕ್ಕೆ ಯಾರೂ ಇಲ್ಲ."

"ಹೋಗಬೇಡ ಅಂತ ಯಾರಾದರೂ ಹೇಳಿದರಾ?"

"ಯಾರೂ ಹೇಳಲಿಲ್ಲ. ಚೀನಾದ ವಿರುದ್ಧ ಮಾತಾಡಿದವರನ್ನು ಹಿಡಿದು ಒಳಗೆ ಹಾಕುವ ಹೊಸ ಕಾನೂನು ಅಲ್ಲಿ ಬಂದಿತ್ತು. ನನ್ನ ಹೆಸರು ಟೀವಿಯಲ್ಲಿತ್ತು. ಹೋದರೆ ಎಂತದೂ ಆಗುತ್ತಿರಲಿಲ್ಲವೋ ಏನೋ. ಟಿಕೇಟು ತೆಗೆಯಲು ಕೂತರೆ ಕೈ ಓಡಲಿಲ್ಲ. ನಾನೇ ಸುತ್ತು ಹಾಕಿದೆ ಜಾನ್." ಅವಳು ಚಮಚ ಕೆಳಗಿಟ್ಟಳು. "ರಕ್ಷಾಗೆ ಅಲ್ಲಿ ಹೋಗಿ ಭಾಷೆ ಕಲಿಯಬೇಕೆಂದು ಆಸೆ. ಈಗಲೇ ಹೆಸರು ಹಾಕಿಕೊಂಡರೆ ನಾಳೆ ಅವಳ ಕೈಯೂ ಹೀಗೇ ನಿಲ್ಲಬಹುದು. ಅದಕ್ಕೆ ಹೇಳಿದ್ದು."

ಬೇಕರಿಯವಳು ಎರಡು ಬನ್ನು ತಂದಿಟ್ಟು ಹೋದಳು.

"ನೀನು ಪ್ರತಿ ವರ್ಷ ಊರಿಗೆ ಹೋಗುವುದು ಹಾಂಗ್‌ಕಾಂಗ್ ಮೇಲೆಯೇ ಅಲ್ಲವಾ?" ಎಂದು ಅವಳು ಕೇಳಿದಳು. "ನಡುವೆ ಒಂದು ಹಗಲು ಸಿಗುತ್ತದಲ್ಲ?"

ಸಿಗುತ್ತದೆ. ಹಡಗಿನಲ್ಲಿದ್ದ ಕಾಲದಿಂದಲೂ ಆ ಬಂದರು ನನಗೆ ಇಷ್ಟ. ವಿಮಾನ ಇಳಿದು ಪೇಟೆಗೆ ಹೋಗಿ, ಮೀನು ಹಾಕಿದ ಗಂಜಿ ಕುಡಿದು, ಸಂಜೆ ಬೆಂಗಳೂರಿನ ವಿಮಾನ ಹತ್ತುತ್ತೇನೆ. ಅವಳು ಮುಂದೆ ಕೇಳುವ ಮೊದಲೇ, "ಹಚ್ಚಿ ಬರುತ್ತೇನೆ," ಎಂದೆ. ಮರುಕವಾಯಿತು, ಅದು ನಿಜ. ಅದರ ಅಡಿಯಲ್ಲಿ ಇನ್ನೊಂದೂ ಇತ್ತು. ಅವಳು ಹೋಗಲಾಗದ ಕಡೆಗೆ ನಾನು ಹೋಗಬಲ್ಲೆ. ಇಷ್ಟು ವರ್ಷದಲ್ಲಿ ಅವಳ ಬಳಿ ಇಲ್ಲದ ಒಂದು ನನ್ನ ಬಳಿ ಇತ್ತು. ಬಸ್ಸಿನಲ್ಲಿ ಬರುವಾಗ ಆ ಯೋಚನೆ ಬಾಯಲ್ಲಿಟ್ಟ ಬೆಲ್ಲದ ಹಾಗೆ ಇತ್ತು.

ಮನೆಗೆ ಬಂದು ರಕ್ಷಾಗೆ ಎಲ್ಲವನ್ನೂ ಹೇಳಿದೆ. ಹಾಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮರುದಿನ ಅವಳು ನನ್ನ ಬಳಿ ಬಂದು, ಅಪರೂಪಕ್ಕೆ ನಮ್ಮ ಮಾತಿನಲ್ಲೇ ಹೇಳಿದಳು:

"ಪಪ್ಪ, ಸುತ್ತು ಹಾಕುವವರ ಬಗ್ಗೆ ರಿಪೋರ್ಟ್ ಬರೆದು ನಾನೇ ಸುತ್ತು ಹಾಕಿದ್ರೆ ಹೇಗೆ? ನೇಮ್ ಹಾಕ್ತೇನೆ."

ಹಾಕಿದಳು. ಕಳೆದ ವಾರ ಹೊರಬಂತು. ದಪ್ಪ ಅಕ್ಷರದಲ್ಲಿ ರಕ್ಷಾ ಸಾಲ್ಯಾನ್. ಒಳಗೆ, ಗಾಳಿ ನಿಂತ ಮೇಲೂ ಬಿಚ್ಚಿಕೊಳ್ಳದ ಬೋಟಿನ ಮಾತು. ನಾನು ಹೇಳಿದ್ದು ಎಂದು ಬರೆದಿರಲಿಲ್ಲ. ಅವಳು ಅದನ್ನು ಕಲಿತದ್ದು ಐರೀನ್‌ಳ ಬಾಯಿಂದ. ನನ್ನ ಮಗಳ ಮೇಲೆಯೇ ನನಗೆ ಒಂದು ಗಂಟೆ ಹೊಟ್ಟೆಕಿಚ್ಚಾಯಿತು. ಆಮೇಲೆ ಪ್ರಿಂಟ್ ತೆಗೆದು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಅದಾದ ಎರಡು ದಿನಕ್ಕೆ ಊರಿನ ಟಿಕೇಟು ತೆಗೆಯಲು ಕಂಪ್ಯೂಟರಿನ ಮುಂದೆ ಕೂತೆ. ಎಂದಿನ ಹಾಂಗ್‌ಕಾಂಗ್ ವಿಮಾನ ಮೇಲೆಯೇ ಇತ್ತು. ಅದರ ಕೆಳಗೆ ದೋಹಾದ್ದು. ಸಾಲ್ಯಾನ್ ಎಂಬ ಹೆಸರು ಈಗ ಅಚ್ಚಾಗಿದೆ. ನನ್ನ ಪಾಸ್‌ಪೋರ್ಟಿನಲ್ಲಿರುವುದೂ ಅದೇ. ಒಬ್ಬ ನಿವೃತ್ತ ವಿಮೆಯವನನ್ನು ಅಲ್ಲಿ ಯಾರು ಕೇಳುತ್ತಾರೆ? ಯಾರೂ ಕೇಳುವುದಿಲ್ಲ ಎಂದು ನನಗೇ ಹೇಳಿಕೊಂಡೆ. ಬೆರಳು ಮಾತ್ರ ಮೆಲ್ಲಗೆ ದೋಹಾದ ಕಡೆ ಸರಿಯಿತು. ಈ ಸಲ ಬೇಡ, ಮುಂದಿನ ವರ್ಷ ಹೋದರಾಯಿತು, ಐರೀನ್‌ಗೆ ಟಿಕೇಟು ಸಿಗಲಿಲ್ಲ ಎಂದರಾಯಿತು. ಡೇವ್ ಕೇಳದೆಯೇ ನನ್ನ ದಾರಿಗೆ ನಾನೇ ಹಳದಿ ಬಣ್ಣ ಹಚ್ಚಿದ್ದೆ.

ಸುಮತಿ ಬಟ್ಟೆ ಮಡಚುತ್ತಾ ಹಿಂದಿನಿಂದ ನೋಡಿದಳು. "ಎಂತ, ಈ ಸಲ ದೋಹಾದ ಮೇಲೆ ಹೋಗುವುದಾ? ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

"ಯಾರೂ ಎಂತದೂ ಹೇಳ್ಲಿಲ್ಲ," ಎಂದೆ.

ಎಂದ ಕೂಡಲೇ ಬೆರಳು ಹಿಂದೆ ತೆಗೆದೆ. ಇಷ್ಟು ವರ್ಷ ಸುತ್ತು ಹಾಕಿದ ಹಡಗಿನ ಮಾಲೀಕರೆಲ್ಲ ಫೋನಿನಲ್ಲಿ ನನಗೆ ಹೇಳುತ್ತಿದ್ದದ್ದು ಇದೇ ಮಾತು, ಇದೇ ದನಿಯಲ್ಲಿ. ಐರೀನ್ ಬೇಕರಿಯಲ್ಲಿ ಹೇಳಿದ್ದೂ ಇದೇ. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಹಳೆಯ ಹೊಟ್ಟೆಕಿಚ್ಚು. ಅವಳ ಎದುರು ನನ್ನ ಬಳಿ ಇರುವುದು ಈ ಒಂದು ದಾರಿ. ಅದನ್ನೂ ಬಿಟ್ಟುಕೊಟ್ಟು ಅವಳ ಸಮಕ್ಕೆ ಕೂರಬೇಕೇ? ಸಾಯಲಿ ಎಂದು ಹಾಂಗ್‌ಕಾಂಗ್ ಒತ್ತಿದೆ.

ಮುಂದಿನ ಗುರುವಾರ ಹೊರಡುತ್ತೇನೆ. ಹೆದರಿಕೆ ಉಂಟು. ವಿಮಾನ ಇಳಿದ ಕೂಡಲೇ ಮೆಸೇಜ್ ಮಾಡಬೇಕೆಂದು ರಕ್ಷಾ ತಾಕೀತು ಮಾಡಿದ್ದಾಳೆ. ಟಿಕೇಟು ಆಯಿತು ಎಂದು ಐರೀನ್‌ಗೆ ಫೋನು ಮಾಡಿ, ಸ್ವಲ್ಪ ಜಂಬದಿಂದಲೇ ಹೇಳಿದೆ.

"ಅಗರಬತ್ತಿ ಜೊತೆಗೆ ಒಂದು ಕಿತ್ತಳೆ ಇಡ್ತೀಯಾ?" ಎಂದಳು. "ಸುಲಿದು ಇಡು ಜಾನ್. ಅಮ್ಮನಿಗೆ ಬೆರಳು ಗಂಟು ನೋವು, ಸುಲಿಯಲಿಕ್ಕೆ ಆಗುವುದಿಲ್ಲ."

"ಸುಲಿದೇ ಇಡುತ್ತೇನೆ," ಎಂದೆ.